ಏಳನೆಯ ನಿಮಿಷದ ಇಳಿಜಾರು

ತಿರುವೊಟ್ಟಿಯೂರು

ಫಿನ್ಲೆಂಡಿಗೆ ಹೋಗುವವರು ಸಾಮಾನ್ಯವಾಗಿ ಆಕಾಶದಲ್ಲಿ ಹಸಿರು ಬೆಳಕು ನೋಡಲು ಹೋಗುತ್ತಾರೆ. ನಾನು ಹೋದದ್ದು ಕಾಗದದ ಕಾರ್ಖಾನೆಯಿರುವ ಒಂದು ಸಣ್ಣ ಊರಿನಲ್ಲಿ, ಮಡಿಸುವ ಕುರ್ಚಿಯ ಮೇಲೆ ಕೂತು, ಮನೆಯಲ್ಲೇ ನೂರಾರು ಸಲ ಕೇಳಿದ್ದ ಆಲ್ಬಮ್ ಒಂದನ್ನು ಇನ್ನೊಮ್ಮೆ ಕೇಳಲು. ಆದ್ದರಿಂದ ಈ ಬರಹದಲ್ಲಿ ಹಿಮಸಾರಂಗ ಬರುವುದಿಲ್ಲ. ಅಲ್ಲಿ ಬಂದಿದ್ದರೂ ನಾನು ಗಮನಿಸಿಲ್ಲ.

ಮೆಟಲ್ ಸಂಗೀತವೆಂದರೆ ಗದ್ದಲ ಎಂದು ನಂಬಿದವರಿಗೆ ಒಂದು ಮಾತು. ನಾನು ಕೇಳುವುದು ಮೆಟಲ್ ಪ್ರಿಯರೇ ಗದ್ದಲವೆಂದು ಎದ್ದು ಹೋಗುವ ಬಗೆ. ಇದರಲ್ಲಿ ಗಿಟಾರುಗಳು ಒಂದಕ್ಕೊಂದು ಹೊಂದುವುದಿಲ್ಲ. ಹೊಂದಬಾರದೆಂದೇ ಶ್ರುತಿ ಮಾಡಿರುತ್ತಾರೆ. ತಾಳ ಹದಿನೇಳು ಎಣಿಕೆಗೆ ತಿರುಗುತ್ತದೆ, ನಮಗೆ ಅಭ್ಯಾಸವಾಯಿತು ಎನ್ನುವಾಗ ಹತ್ತೊಂಬತ್ತಾಗುತ್ತದೆ. ಹಾಡುವವನು ಹಾಡುವುದಿಲ್ಲ, ಬಾವಿಗೆ ಬಿದ್ದವನು, ದಯವಿಟ್ಟು ಯಾರೂ ಹಗ್ಗ ಎಸೆಯಬೇಡಿ ಎಂದು ಕೂಗಿದಂತೆ ಕೂಗುತ್ತಾನೆ. ಇದನ್ನು ಮೆಚ್ಚುವವರು ಜಗತ್ತಿನಲ್ಲಿ ಕೆಲವೇ ಜನ. ಆ ಕೆಲವರಲ್ಲಿ ಪ್ರತಿಯೊಬ್ಬರಿಗೂ ಉಳಿದವರು ಸರಿಯಾಗಿ ಕೇಳುತ್ತಿಲ್ಲವೆಂಬ ದೃಢವಾದ ನಂಬಿಕೆ.

ನಾನೂ ಅವರಲ್ಲಿ ಒಬ್ಬಳು. ನಾವು ಮಂಡ್ಯದ ಕಡೆಯವರು. ಅಪ್ಪನಿಗೆ ಮಣಲಿಯ ಕಾರ್ಖಾನೆಯೊಂದರಲ್ಲಿ ಕೆಲಸವಾದ್ದರಿಂದ ತಿರುವೊಟ್ಟಿಯೂರಿನಲ್ಲಿ, ಹೌಸ್ ಓನರ್ ಪದ್ಮನಾಭನ್ ಅವರ ಮನೆಯ ಮಹಡಿಯಲ್ಲಿದ್ದೇವೆ. ನನ್ನ ಕೆಲಸ ಶೋಳಿಂಗನಲ್ಲೂರಿನಲ್ಲಿ. ಚೆನ್ನೈಯ ಒಂದು ತುದಿಯಿಂದ ಇನ್ನೊಂದು ತುದಿಗೆ ದಿನವೂ ಹೋಗಿಬರುವವಳಿಗೆ ಐವತ್ತು ನಿಮಿಷದ ಆಲ್ಬಮ್ಮು ಹೋಗುವಾಗ ಎರಡು ಸಲ, ಬರುವಾಗ ಎರಡು ಸಲ ಹಿಡಿಸುತ್ತದೆ. ಕ್ಯಾಬಿನಲ್ಲಿ ಪಕ್ಕ ಕೂರುವ ಸಹೋದ್ಯೋಗಿ ಒಮ್ಮೆ ಏನು ಕೇಳುತ್ತೀಯ ಎಂದಾಗ ಸಂಗೀತ ಕಚೇರಿ ಅಂದೆ. ಆಕೆ ಸಂತೋಷಪಟ್ಟು, ಯಾರದು ಎಂದು ವಿಚಾರಿಸಲಿಲ್ಲ. ಒಳ್ಳೆಯ ಹೆಂಗಸು.

ಈ ಆಲ್ಬಮ್ಮಿನ ವಿಷಯ. ಬ್ಯಾಂಡಿನ ಹೆಸರಿಗೆ ಫಿನ್ನಿಷ್‌ನಲ್ಲಿ ‘ಒದ್ದೆ ಸೀಮೆಸುಣ್ಣ’ ಎಂಬ ಅರ್ಥ. ಆಲ್ಬಮ್ಮಿಗೆ ಹೆಸರಿಲ್ಲ. ಅದರ ನಾಲ್ಕು ಭಾಗಗಳಿಗೂ ಹೆಸರಿಲ್ಲ. ಅದನ್ನು ಕ್ಯಾಸೆಟ್ಟಿನಲ್ಲಿ ಮಾತ್ರ, ಬೆರಳೆಣಿಕೆಯಷ್ಟು ಪ್ರತಿ ಮಾಡಿ, ಬ್ಯಾಂಡ್ ಮುಚ್ಚಿಬಿಟ್ಟಿದ್ದರು. ಒಂದು ಪ್ರತಿ ಆರು ವರ್ಷದ ಹಿಂದೆ ಅಂಚೆಯಲ್ಲಿ ನನ್ನ ಕೈಗೆ ಬಂತು. ನಮ್ಮ ಪಂಗಡದಲ್ಲಿ ಇಂಥ ಕ್ಯಾಸೆಟ್ಟನ್ನು ಯಾರೂ ಕೇಳುವುದಿಲ್ಲ. ಒಂದೇ ಒಂದು ಸಲ ಹಾಕಿ ಕಂಪ್ಯೂಟರಿಗೆ ಇಳಿಸಿಕೊಂಡು, ಆಮೇಲೆ ಟೇಪು ಸವೆಯದಂತೆ ಎತ್ತಿಡುತ್ತೇವೆ. ಮೂಲವಿಗ್ರಹ ಗರ್ಭಗುಡಿಯಲ್ಲಿ, ಬೀದಿ ಸುತ್ತುವುದು ಉತ್ಸವಮೂರ್ತಿ. ನನ್ನ ಕ್ಯಾಸೆಟ್ಟು ಬೀರುವಿನಲ್ಲಿ ಅಮ್ಮನ ರೇಷ್ಮೆ ಸೀರೆಗಳ ಕೆಳಗೆ ಕೂತಿತು. ನಾನು ಇಳಿಸಿದ ಪ್ರತಿ ಅಭಿಮಾನಿಗಳ ಇಂಟರ್ನೆಟ್ ವೇದಿಕೆಯ ಮೂಲಕ ಲೋಕವನ್ನು ಸುತ್ತಿತು. ಬೇರೆ ಯಾರೂ ಹಾಕದಿದ್ದುದರಿಂದ ಎಲ್ಲರೂ ಕೇಳಿದ್ದು ಅದನ್ನೇ.

ಅದರ ಮೂರನೆಯ ಭಾಗದ ಏಳನೆಯ ನಿಮಿಷದಲ್ಲಿ ಒಂದು ಘಟನೆಯಿದೆ. ಗಿಟಾರು, ಡ್ರಮ್ಮು, ಕಂಠ ಎಲ್ಲವೂ ಏಕಕಾಲಕ್ಕೆ, ಅರ್ಧ ಸ್ವರಕ್ಕಿಂತ ಸ್ವಲ್ಪ ಕಡಿಮೆ, ಕೆಳಕ್ಕೆ ಜಾರುತ್ತವೆ. ನಲವತ್ತು ಸೆಕೆಂಡು ಕೆಳಗೇ ಇದ್ದು ಮೇಲೇರುತ್ತವೆ. ಎರಡು ನಿಮಿಷದ ನಂತರ ಮತ್ತೆ ಜಾರುತ್ತವೆ. ಈ ಸಲ ಆಲ್ಬಮ್ ಮುಗಿಯುವವರೆಗೂ ಏರುವುದಿಲ್ಲ. ಇದಕ್ಕೆ ‘ಇಳಿಜಾರು’ ಎಂದು ಹೆಸರಿಟ್ಟವಳು ನಾನು. ಅದರ ಮೇಲೆ ಹದಿನಾಲ್ಕು ಪುಟದ ಲೇಖನ ಬರೆದೆ, ನಕ್ಷೆ ಸಮೇತ. ಮೊದಲ ಇಳಿಕೆ ಎಚ್ಚರಿಕೆ, ಎರಡನೆಯದು ಹಿಂದಿರುಗಿ ಬಾರದ ಹತಾಶೆ ಎಂದು ಸಾಧಿಸಿದೆ. ಒಪ್ಪದವರನ್ನು ಸುಮ್ಮನೆ ಬಿಡಲಿಲ್ಲ. ಚಿಲಿ ದೇಶದ ಒಬ್ಬಾತ ಇಳಿಕೆ ಮೂವತ್ತೆಂಟೇ ಸೆಕೆಂಡು ಎಂದಾಗ, ಅವನ ಕಿವಿಯ ಬಗ್ಗೆ ನಾನು ಬರೆದದ್ದನ್ನು ಓದಿ ಅವನು ವೇದಿಕೆಯನ್ನೇ ಬಿಟ್ಟ. ಮನೆಯಲ್ಲಿ, ಕಚೇರಿಯಲ್ಲಿ ನಾನು ಮಾತನಾಡುವುದು ಕಡಿಮೆ. ಮಾತು ಖರ್ಚಾಗುತ್ತಿದ್ದದ್ದು ಅಲ್ಲಿ.

ಈಗ ಬ್ಯಾಂಡಿನ ಗಿಟಾರ್ ವಾದಕ ಪೆತ್ರಿ ಆಲ್ಬಮ್ಮನ್ನು ಮರುಮುದ್ರಿಸುತ್ತಿದ್ದರು. ಜೊತೆಯ ಪುಸ್ತಿಕೆಯಲ್ಲಿ ನನ್ನ ಲೇಖನ ಅಚ್ಚಾಗುವುದಿತ್ತು, ಮೊದಲ ಬಾರಿಗೆ ನನ್ನ ನಿಜವಾದ ಹೆಸರಿನಲ್ಲಿ. ಅಚ್ಚಿಗೆ ಮುನ್ನ ನನ್ನನ್ನೂ ಇನ್ನು ಹನ್ನೊಂದು ಅಭಿಮಾನಿಗಳನ್ನೂ ಕರೆದು ಸ್ಟುಡಿಯೋದ ಮೂಲ ಟೇಪನ್ನೇ ಕೇಳಿಸುವ ಕಾರ್ಯಕ್ರಮ. ಕ್ಯಾಸೆಟ್ಟನ್ನೂ ತಂದರೆ ಅದರ ಹೊದಿಕೆಯ ಚಿತ್ರ ತೆಗೆದುಕೊಳ್ಳಬಹುದು ಎಂದು ಬರೆದಿದ್ದರು. ಮನೆಯಲ್ಲಿ ಆಫೀಸಿನ ತರಬೇತಿ ಎಂದೆ. ಅಮ್ಮ ಚಟ್ನಿಪುಡಿ ಕಟ್ಟಿಕೊಟ್ಟಳು.

ಕಾಗದದ ಊರು, ಶುಕ್ರವಾರ

ಹೆಲ್ಸಿಂಕಿಯಿಂದ ಎರಡು ಗಂಟೆಯ ರೈಲು. ಇಳಿದೊಡನೆ ಮೂಗಿಗೆ ಬಡಿದದ್ದು ಕೊಳೆತ ಮೊಟ್ಟೆ ಮತ್ತು ಬೇಯಿಸಿದ ಎಲೆಕೋಸಿನ ವಾಸನೆ. ಕಾಗದದ ಕಾರ್ಖಾನೆಯದು. ಜೊತೆಗೆ ಇಳಿದ ಪ್ರವಾಸಿಗರು ಮೂಗು ಮುಚ್ಚಿಕೊಂಡರು. ನನಗೆ ಗಾಳಿ ತಿರುಗಿದ ದಿನದ ಮಣಲಿ ನೆನಪಾಗಿ ಮನಸ್ಸು ಹಗುರಾಯಿತು.

ಪೆತ್ರಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಐವತ್ತು ದಾಟಿದ, ಬಿಳಿ ಗಡ್ಡದ, ಬಹಳ ಅಚ್ಚುಕಟ್ಟಾದ ಮನುಷ್ಯ. ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು, ರೈಲಿನೊಳಗೆ ನೋಡಿದರು. ವೇದಿಕೆಯಲ್ಲಿ ನನ್ನ ಹೆಸರು ‘ಅಳತೆಗೋಲು’ ಎಂಬ ಅರ್ಥದ ಇಂಗ್ಲಿಷ್ ಪದ. ಅದರ ಹಿಂದೆ ಗಡ್ಡವಿದೆ ಎಂದು ಎಲ್ಲರೂ ಊಹಿಸಿದ್ದರಂತೆ. ಹತ್ತು ನಿಮಿಷ ನಾವಿಬ್ಬರೂ ಖಾಲಿ ಪ್ಲಾಟ್‌ಫಾರ್ಮಿನಲ್ಲಿ, ಆರಡಿ ಅಂತರದಲ್ಲಿ, ಒಬ್ಬರನ್ನೊಬ್ಬರು ಮಾತನಾಡಿಸದೆ, ಒಬ್ಬರಿಗಾಗಿ ಒಬ್ಬರು ಕಾದೆವು. ಇಂಥ ದೇಶ ಇರುವುದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಅಲ್ಲಿ ಯಾರೂ ನಿಮ್ಮ ಊರು ಯಾವುದು, ಅಪ್ಪ ಏನು ಮಾಡುತ್ತಾರೆ, ಮದುವೆ ಯಾವಾಗ ಎಂದು ಕೇಳುವುದಿಲ್ಲ. ಬಸ್ ನಿಲ್ದಾಣದಲ್ಲಿ ಒಬ್ಬರಿಂದೊಬ್ಬರಿಗೆ ಎಮ್ಮೆ ಕಟ್ಟುವಷ್ಟು ಜಾಗ ಬಿಟ್ಟು ನಿಲ್ಲುತ್ತಾರೆ. ಚಪ್ಪಲಿಯನ್ನು ನಮ್ಮ ಹಾಗೇ ಬಾಗಿಲಲ್ಲಿ ಬಿಡುತ್ತಾರೆ. ಕಾಫಿಯನ್ನು ನಮಗಿಂತ ಹೆಚ್ಚು ಕುಡಿಯುತ್ತಾರೆ, ಆದರೆ ಅದಕ್ಕೆ ಡಿಕಾಕ್ಷನ್ ಎನ್ನಲು ನನಗೆ ಬಾಯಿ ಬರಲಿಲ್ಲ. ಕಪ್ಪು ಬಣ್ಣದ, ಉಪ್ಪು ಹಾಕಿದ ಒಂದು ಮಿಠಾಯಿ ಕೊಟ್ಟರು. ಅದನ್ನು ತಿಂದ ಮೇಲೆ ಇವರ ಸಂಗೀತ ಅರ್ಥವಾಯಿತು.

ನಾನು ಉಳಿದದ್ದು ಪೆತ್ರಿಯ ಮನೆಯಲ್ಲಿ. ಅವರ ಹೆಂಡತಿ ಹೆಲೆನಾ ಸಂಜೆ, ಸೌನಾ ಬಿಸಿಯಾಗಿದೆ, ನಾವಿಬ್ಬರೂ ಹೋಗೋಣ ಎಂದರು. ಸೌನಾ ಎಂಬ ಅವರ ಉಗಿಸ್ನಾನದ ಕೋಣೆಯ ಬಗ್ಗೆ ಓದಿದ್ದೆ. ಏನು ತೊಡಬೇಕೆಂಬ ಪುಟವನ್ನು ಮಾತ್ರ ಓದಿರಲಿಲ್ಲ. ಉದ್ದದ ನೈಟಿ ಹಾಕಿ, ತಿರುವೊಟ್ಟಿಯೂರಿನ ಹೆಂಗಸರು ತರಕಾರಿ ಗಾಡಿಗೆ ಇಳಿಯುವಾಗ ಮಾಡುವಂತೆ ಹೆಗಲ ಮೇಲೆ ಟವೆಲ್ ಹೊದ್ದು ಹೋದೆ. ಏನೂ ತೊಡದೆ ಕೂತಿದ್ದ ಹೆಲೆನಾ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಹೀಗೂ ಮಾಡಬಹುದು ಎಂದರು. ಮರುಕ್ಷಣದಿಂದ ಇಬ್ಬರೂ ಗೋಡೆ ನೋಡುತ್ತ ಕೂತೆವು. ನನ್ನ ಜೀವನದ ಅತ್ಯಂತ ಸೌಹಾರ್ದದ ಸಂಜೆಗಳಲ್ಲಿ ಅದೊಂದು.

ಜಗತ್ತಿನ ಅತಿ ಅಪಶ್ರುತಿಯ ಆಲ್ಬಮ್ ಮಾಡಿದ ಪೆತ್ರಿಯ ವೃತ್ತಿ ಪಿಯಾನೋಗಳಿಗೆ ಶ್ರುತಿ ಮಾಡುವುದು. ಊಟದ ಹೊತ್ತಿನಲ್ಲಿ ಅವರು ನನ್ನ ಲೇಖನದ ಬಗ್ಗೆ ಆಡಿದ್ದು ಮೂರು ವಾಕ್ಯ.

“ಲೇಖನ ಚೆನ್ನಾಗಿದೆ. ಮಧ್ಯದ ಐದು ಪುಟ ನನಗೆ ಅರ್ಥವಾಗಲಿಲ್ಲ. ಇಂಡಿಯಾದಲ್ಲಿ ಹಾಗೆ ಕೇಳಿಸುತ್ತದೇನೋ ಅಂದುಕೊಂಡೆ.”

ವಿನಯವೆಂದು ನಾನು ಭಾವಿಸಿದೆ. ಅವರಿಗೆ ವಿನಯದ ಅಭ್ಯಾಸವಿಲ್ಲ, ತಮ್ಮದೇ ಆಲ್ಬಮ್ಮನ್ನು ಇಂಟರ್ನೆಟ್ಟಿನಲ್ಲಿ ಕೇಳುವ ಅಭ್ಯಾಸವೂ ಇಲ್ಲ ಎಂಬುದು ಆಮೇಲೆ ತಿಳಿಯಿತು.

ಸ್ವಯಂಸೇವಕ ಅಗ್ನಿಶಾಮಕ ಸಂಘದ ಹಾಲ್, ಶನಿವಾರ

ಮಾರ್ಗಶಿರದಲ್ಲಿ ಚೆನ್ನೈಯ ಸಂಗೀತ ಸಭಾಗಳಿಗೆ ಹೋದವರಿಗೆ ಆ ಹಾಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಿಂದಿನ ಸಾಲಿನಲ್ಲಿ ತೊಡೆಯ ಮೇಲೆ ತಾಳ ಹಾಕುವ ಮಾಮ, ಪಕ್ಕದವನ ತಾಳ ತಪ್ಪಿತೆಂದು ಕಣ್ಣಲ್ಲೇ ತಿವಿಯುವ ಇನ್ನೊಬ್ಬ ಮಾಮ, ಕ್ಯಾಂಟೀನಿನ ಕಡೆ ಮನಸ್ಸಿರುವ ಮೂರನೆಯವನು. ಇಲ್ಲಿ ಮಾಮಗಳು ಕಪ್ಪು ಟಿ-ಶರ್ಟು ತೊಟ್ಟಿದ್ದರು, ಅಷ್ಟೇ. ಕ್ಯಾಂಟೀನಿನಲ್ಲಿ ದಾಲ್ಚಿನ್ನಿ ಬನ್ನು. ಭೇಷ್ ಎನ್ನುವ ಪದ್ಧತಿ ಇಲ್ಲ. ತುಂಬ ಮೆಚ್ಚಿದರೆ ಕೈಕಟ್ಟಿ ಇನ್ನಷ್ಟು ಗಂಟುಮುಖ ಮಾಡುತ್ತಾರೆ.

ಅವರಲ್ಲಿ ಉವೆ ಎಂಬ ಜರ್ಮನ್ ಇದ್ದ. ವೇದಿಕೆಯಲ್ಲಿ ನನ್ನ ಪರವಾಗಿ ಜಗಳವಾಡುತ್ತಿದ್ದವನು. ಕೈಕುಲುಕಿ, ಅಂಗಿಯ ಬಲತೋಳನ್ನು ಮೇಲಕ್ಕೆ ಮಡಿಸಿ ತೋರಿಸಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಚ್ಚೆ: ನನ್ನ ಲೇಖನದ ನಕ್ಷೆಯಲ್ಲಿದ್ದ ಇಳಿಜಾರಿನ ಗೆರೆ. ಜಾರಿ, ಏರಿ, ಮತ್ತೆ ಜಾರಿ, ಮಣಿಕಟ್ಟಿನವರೆಗೂ ಕೆಳಗೇ ಹೋಗಿತ್ತು. ನಾನು ಹೆಮ್ಮೆಪಟ್ಟೆ. ಅದನ್ನು ಮುಚ್ಚಿಡುವುದಿಲ್ಲ.

ಹನ್ನೊಂದಕ್ಕೆ ಪೆತ್ರಿ ಟೇಪು ಹಾಕಿದರು. ಮೊದಲ ಎರಡು ಭಾಗ ಎಷ್ಟು ಸ್ವಚ್ಛವಾಗಿದ್ದವೆಂದರೆ ಒಬ್ಬಾತ ಕಣ್ಣೊರೆಸಿಕೊಂಡ. ಮೂರನೆಯ ಭಾಗ ಶುರುವಾಯಿತು. ಆರನೆಯ ನಿಮಿಷಕ್ಕೆ ಎಲ್ಲರೂ ಕುರ್ಚಿಯಲ್ಲಿ ಸರಿದು ಕೂತರು. ಉವೆ ಎದ್ದು ನಿಂತು, ಬೀಳಲಿರುವ ಅಲೆಗೆ ಮೈಯೊಡ್ಡುವವನಂತೆ ಮಂಡಿ ಬಗ್ಗಿಸಿದ. ಏಳನೆಯ ನಿಮಿಷ ಬಂತು. ಹೋಯಿತು.

ಏನೂ ಜಾರಲಿಲ್ಲ. ಸಂಗೀತ ನೆಟ್ಟಗೆ ನಡೆದುಹೋಯಿತು. ಉವೆ ಮಂಡಿ ಬಗ್ಗಿಸಿಕೊಂಡೇ ಇನ್ನೂ ಒಂದು ನಿಮಿಷ ಕಾದ. ಒಂಬತ್ತನೆಯ ನಿಮಿಷವೂ ಹಾಗೇ ದಾಟಿತು.

ಮುಗಿದ ಮೇಲೆ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆ ದೇಶದಲ್ಲಿ ಇದರಿಂದ ಏನನ್ನೂ ಊಹಿಸುವಂತಿಲ್ಲ. ಕಾಫಿಯ ಹೊತ್ತಿಗೆ ಗುಲ್ಲೆದ್ದಿತು. ಮರುಮುದ್ರಣಕ್ಕಾಗಿ ತಿದ್ದಿದ್ದಾರೆ, ನಯ ಮಾಡಿದ್ದಾರೆ, ಜನಪ್ರಿಯತೆಗಾಗಿ ಆತ್ಮ ಮಾರಿಕೊಂಡಿದ್ದಾರೆ ಎಂದು ಆರೋಪ. ಈ ಸಂಗೀತದಿಂದ ಜನಪ್ರಿಯತೆ ಬರುತ್ತದೆಂದು ಹನ್ನೊಂದು ಪ್ರೌಢರು ವಾದಿಸುವುದನ್ನು ನಾನು ಕೇಳಿದೆ. ಪೆತ್ರಿ ಏನನ್ನೂ ತೆಗೆದಿಲ್ಲ ಎಂದಷ್ಟೇ ಹೇಳಿ ಬನ್ನು ತಿನ್ನುತ್ತಿದ್ದರು. ಕೊನೆಗೆ ಉವೆ ನನ್ನ ಕಡೆ ತಿರುಗಿ, ಕ್ಯಾಸೆಟ್ ಇವಳ ಬಳಿ ಇದೆ, ನಾಳೆ ಎಲ್ಲರ ಎದುರಿಗೆ ಹಾಕೋಣ, ಸತ್ಯ ಹೊರಬೀಳಲಿ ಎಂದ. ನಾನು ಗಂಭೀರವಾಗಿ ತಲೆಯಾಡಿಸಿದೆ. ಸತ್ಯ ಅಲ್ಲಿಯವರೆಗೂ ನನ್ನ ಕಡೆಗಿತ್ತು.

ಮೂರು ಗಂಟೆಗೆ ಅಮ್ಮ ಫೋನ್ ಮಾಡಿದಳು. ಅಲ್ಲಿ ಐದೂವರೆ. ಹಾಲಿನ ಹಿಂಬದಿಗೆ ಹೋಗಿ ಎತ್ತಿಕೊಂಡೆ. ತರಬೇತಿ ಹೇಗಿದೆ, ಚಟ್ನಿಪುಡಿ ತಿಂದೆಯಾ ಎಂದು ಕೇಳುತ್ತಿದ್ದ ಅಮ್ಮನ ತಲೆಯ ಮೇಲೆ ನಮ್ಮ ಫ್ಯಾನು ತಿರುಗುವ ಸದ್ದು. ಇದ್ದಕ್ಕಿದ್ದಂತೆ ಅದು ಮಂದವಾಯಿತು. ಅರ್ಧ ಸ್ವರಕ್ಕಿಂತ ಸ್ವಲ್ಪ ಕಡಿಮೆ, ಕೆಳಕ್ಕೆ ಜಾರಿತು.

“ಓನರ್ ಮೋಟಾರ್ ಹಾಕಿದ್ರು ಕಣೇ. ವೋಲ್ಟೇಜ್ ಬಿತ್ತು ನೋಡು. ತಾಳು, ಬಕೆಟ್ ಇಟ್ಟು ಬರ್ತೀನಿ.”

ಬಕೆಟ್ ಇಡಲು ಹೋದ ಅಮ್ಮ ಬರುವಷ್ಟರಲ್ಲಿ ಫ್ಯಾನು ಮತ್ತೆ ಏರಿತು. ಮೋಟಾರಿಗೆ ಗಾಳಿ ಹಿಡಿದಿರಬೇಕು. ನೀರು ಎಳೆಯದಿದ್ದರೆ ಪದ್ಮನಾಭನ್ ಅಂಕಲ್ ಅದನ್ನು ನಿಲ್ಲಿಸಿ, ಅದರ ಬಾಯಿಗೆ ಒಂದು ಚೊಂಬು ನೀರು ಹುಯ್ದು, ಮತ್ತೆ ಹಾಕುತ್ತಾರೆ. ಹಾಕಿದರು. ಫ್ಯಾನು ಮತ್ತೆ ಜಾರಿತು. ಈ ಸಲ ಏರಲಿಲ್ಲ.

ಆರು ವರ್ಷದ ಹಿಂದೆ ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ್ದು ಒಂದು ಬೆಳಗ್ಗೆ, ಅಗ್ಗದ ಅಡಾಪ್ಟರಿಗೆ ಸಿಕ್ಕಿಸಿದ ಹಳೆಯ ಟೇಪ್ ರೆಕಾರ್ಡರಿನಿಂದ. ಟೇಪು ಓಡುತ್ತಿದ್ದಾಗ ನಾನು ಎದುರಿಗಿರಲಿಲ್ಲ. ನೀರು ಬಂತೆಂದು ಅಮ್ಮ ಕರೆದಳು. ಬಚ್ಚಲಿನಲ್ಲಿ ಬಕೆಟ್ ತುಂಬಿಸುತ್ತಿದ್ದೆ.

ಪೆತ್ರಿಯ ಅಡುಗೆಮನೆ, ಭಾನುವಾರ

ಒಂದು ಕ್ಯಾಸೆಟ್ಟು ಕಳೆದುಹೋಗುವುದು ಕಷ್ಟವೇನಲ್ಲ. ಮನೆಯ ಹಿಂದೆಯೇ ಸರೋವರ. ತೇವಕ್ಕೆ ಟೇಪು ಅಂಟಿಕೊಂಡಿದೆ ಎನ್ನಬಹುದು. ಚೆನ್ನೈಯ ಹವೆಯ ಬಗ್ಗೆ ಎಲ್ಲರೂ ಏನನ್ನು ಬೇಕಾದರೂ ನಂಬುತ್ತಾರೆ. ಕ್ಯಾಸೆಟ್ಟಿನದೇ ಬೇರೆ ಪಾಠವಿತ್ತೆಂದು ಹೇಳಿ ಇನ್ನೂ ಹದಿನಾಲ್ಕು ಪುಟ ಬರೆಯಬಹುದು, ಅದನ್ನೂ ಮೆಚ್ಚುತ್ತಾರೆ. ಈ ಉಪಾಯಗಳನ್ನೆಲ್ಲ ನಾನು ಅಚ್ಚುಕಟ್ಟಾಗಿ ಯೋಚಿಸಿದೆ. ಆ ವೇದಿಕೆಯ ಹೊರಗೆ ನನ್ನ ಮಾತಿಗಾಗಿ ಯಾರೂ ಕಾಯುವುದಿಲ್ಲ. ಆದರೆ ಅಚ್ಚಾಗುವುದು ನನ್ನ ಹೆಸರು. ಮೂವತ್ತೆಂಟು ಸೆಕೆಂಡಿನ ಚಿಲಿಯವನೂ ಆಗಾಗ ನೆನಪಿಗೆ ಬಂದ.

ಬೆಳಗ್ಗೆ ಹನ್ನೊಂದು ಜನ ಹನ್ನೊಂದು ಜೊತೆ ಬೂಟು ಬಾಗಿಲಲ್ಲಿ ಬಿಟ್ಟು ಅಡುಗೆಮನೆಯಲ್ಲಿ ನೆರೆದರು. ಕ್ಯಾಸೆಟ್ಟನ್ನು ನಾನೇ ಹಾಕಿದೆ. ಏಳನೆಯ ನಿಮಿಷ ನೆಟ್ಟಗೆ ನಡೆದುಹೋಯಿತು. ಯಾರಾದರೂ ಬಾಯಿ ತೆರೆಯುವ ಮುನ್ನ ನಾನೇ ಹೇಳಿದೆ.

“ಅದು ನಮ್ಮ ಮನೆಯ ನೀರಿನ ಮೋಟಾರ್.”

ವಿವರಿಸಲು ಸಮಯ ಹಿಡಿಯಿತು. ವೋಲ್ಟೇಜ್ ಬಿದ್ದು ಟೇಪು ನಿಧಾನವಾದದ್ದು ತಕ್ಷಣ ಅರ್ಥವಾಯಿತು. ಅರ್ಥವಾಗದಿದ್ದದ್ದು ನೀರು. ನಲ್ಲಿ ತಿರುಗಿಸಿದರೆ ಬರುವ ನೀರನ್ನು ಹೊತ್ತು ನೋಡಿ ನೆಲದಡಿಯ ತೊಟ್ಟಿಯಿಂದ ಮಹಡಿಯ ಮೇಲಿನ ಟ್ಯಾಂಕಿಗೆ ಯಾಕೆ ಏರಿಸಬೇಕು, ಅದನ್ನು ಹಿಡಿಯಲು ಬಕೆಟ್ ಬೇರೆ ಯಾಕೆ ಎಂದು ಸಾವಿರಾರು ಸರೋವರಗಳ ದೇಶದವರು ಬಹಳ ಆಸಕ್ತಿಯಿಂದ ಕೇಳಿದರು. ಉವೆ ಮಾತ್ರ ತನ್ನ ಕೈಯನ್ನೇ ನೋಡುತ್ತಿದ್ದ.

“ಹಾಗಾದರೆ ಎರಡನೆಯ ಇಳಿಕೆ?” ಎಂದ. “ಹಿಂದಿರುಗಿ ಬಾರದ ಹತಾಶೆ?”

“ಆಗ ನೀರು ಸರಿಯಾಗಿ ಏರುತ್ತಿತ್ತು.”

ಪೆತ್ರಿ ಮೊದಲ ಬಾರಿಗೆ ನನ್ನನ್ನು ಕುತೂಹಲದಿಂದ ನೋಡಿದರು. “ಎಷ್ಟು ಎಚ್‌ಪಿ?”

“ಒಂದೂವರೆ.”

ತಲೆದೂಗಿದರು. ನಾನು ಇಳಿಸಿದ ಪ್ರತಿಯನ್ನು ಕೇಳಿಸಿ ಎಂದರು. ಮೇಜಿನ ಮೇಲೆ ಫೋನಿಟ್ಟು ಹಾಕಿದೆ. ತಮ್ಮ ಬ್ಯಾಂಡು ಕುಸಿದು, ಎದ್ದು, ಮತ್ತೆ ಕುಸಿಯುವುದನ್ನು ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಇದು ನಮ್ಮದಕ್ಕಿಂತ ಚೆನ್ನಾಗಿದೆ, ಆದರೆ ನಮ್ಮದಲ್ಲ ಎಂದು ತೀರ್ಪು ಕೊಟ್ಟರು. ನನ್ನ ಲೇಖನ ಇರಲಿ, ಆದರೆ ಈ ಸಂಗತಿಯನ್ನು ಮೊದಲ ಪುಟದಲ್ಲೇ ಬರೆಯಬೇಕು. ಎರಡೂ ಪ್ರತಿಗಳನ್ನು ಹೊರಡಿಸೋಣ. ವಾದಕರ ಪಟ್ಟಿಗೆ ಮಾತ್ರ ಮೋಟಾರ್ ಹಾಕಿದವರ ಪೂರ್ಣ ಹೆಸರು ಬೇಕು. ಯಾರ ಕೆಲಸವೋ ಅವರ ಹೆಸರು ಇರಬೇಕು.

ಉವೆ ಬಹಳ ಹೊತ್ತು ತೋಳಿನ ಬಟ್ಟೆಯನ್ನು ಕೆಳಗೆ ಎಳೆದುಕೊಂಡು ಕೂತಿದ್ದ. ಹೊರಡುವಾಗ ಬೂಟು ಕಟ್ಟಿಕೊಳ್ಳುತ್ತ, ಆ ಮೋಟಾರಿನ ಒಂದು ಫೋಟೋ ಕಳಿಸುತ್ತೀಯಾ, ಎಡಗೈ ಖಾಲಿಯಿದೆ ಎಂದ. ನನಗೆ ಅಂದಿನಿಂದ ಅವನ ಮೇಲೆ ಗೌರವ. ರೈಲಿನಲ್ಲಿ ಕೂತು ಚಿಲಿಯವನಿಗೆ ಒಂದು ಕಾಗದ ಬರೆದೆ. ಅದು ನನ್ನ ಅತ್ಯಂತ ಚಿಕ್ಕ ಬರಹ.

ಮತ್ತೆ ತಿರುವೊಟ್ಟಿಯೂರು

ಪೆಟ್ಟಿಗೆಯನ್ನು ಮೆಟ್ಟಿಲ ಬುಡದಲ್ಲೇ ಬಿಟ್ಟು ಮನೆಯ ಹಿಂಬದಿಗೆ ಹೋದೆ. ಮೋಟಾರ್ ಇದ್ದ ಜಾಗದಲ್ಲಿ ತುಕ್ಕಿನ ನಾಲ್ಕು ಗುರುತು. ಪದ್ಮನಾಭನ್ ಅಂಕಲ್ ಹೆಮ್ಮೆಯಿಂದ ಬಂದರು. ಹಿಂದಿನ ದಿನವಷ್ಟೇ ಹೊಸದನ್ನು ಹಾಕಿಸಿದ್ದರು. ತೊಟ್ಟಿಯೊಳಗೇ ಮುಳುಗಿರುತ್ತದೆ.

“ಸತ್ತಮೇ ಇಲ್ಲಮ್ಮಾ. ಓಡುತ್ತಿದೆಯಾ ಎಂದು ಬಗ್ಗಿ ನೋಡಬೇಕು,” ಎಂದರು ತಮಿಳಿನಲ್ಲಿ. ಸದ್ದೇ ಇಲ್ಲ. ಹಳೆಯದು ಗುಜರಿಗೆ ಹೋಗಿತ್ತು.

ಅವರ ಪೂರ್ಣ ಹೆಸರು, ಇನಿಷಿಯಲ್ ಸಮೇತ, ಕೇಳಿದೆ. ಅಂಕಲ್ ಹಿಂದೆ ಸರಿದು, ನೀರಿನ ವಿಷಯಕ್ಕೆ ಯಾರಾದರೂ ಕಂಪ್ಲೇಂಟ್ ಕೊಟ್ಟಿದ್ದಾರಾ ಎಂದರು. ಹಾಡು ಕೇಳಲು ಹೋಗಿದ್ದೆ, ಅಲ್ಲಿನ ಪುಸ್ತಿಕೆಯಲ್ಲಿ ನಿಮ್ಮ ಹೆಸರು ಹಾಕುತ್ತಾರಂತೆ ಎಂದಷ್ಟೇ ಹೇಳಿ ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಮೆಟ್ಟಿಲ ಮೇಲೆ ನಿಂತಿದ್ದ ಅಮ್ಮನಿಗೆ, ನಾನು ಹೋದದ್ದು ತರಬೇತಿಗಲ್ಲ ಎಂಬುದು ಪೂರ್ತಿ ತಿಳಿದುಹೋಯಿತು.

ಅಮ್ಮ ಬಯ್ಯಲಿಲ್ಲ. ಕಾಫಿ ಕೊಟ್ಟು, ಎದುರಿಗೆ ಕೂತು, ಅಷ್ಟು ದೂರ ಹೋಗಿ ಕೇಳುವಂಥದ್ದು ಏನಿದೆ, ನನಗೂ ಹಾಕು ಎಂದಳು. ನನ್ನ ಸಂಗೀತವನ್ನು ಯಾರಿಗೂ ಕೇಳಿಸಿದವಳಲ್ಲ ನಾನು. ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿ ಮೂರನೆಯ ಭಾಗವನ್ನು ಶುರು ಮಾಡಿದೆ. ಮೋಟಾರಿನ ಮಾತನ್ನು ಮಾತ್ರ ಎತ್ತಲಿಲ್ಲ. ಅಮ್ಮ ಕಷಾಯ ಕುಡಿಯುವ ಮುಖ ಮಾಡಿ, ಆದರೆ ತೆಗೆಯದೆ, ಆರು ನಿಮಿಷ ಕೂತಳು. ನಾನು ಗಡಿಯಾರ ನೋಡುತ್ತಿದ್ದೆ.

ಏಳನೆಯ ನಿಮಿಷದಲ್ಲಿ ಅಮ್ಮ ಥಟ್ಟನೆ ತಲೆಯೆತ್ತಿ ಫ್ಯಾನು ನೋಡಿದಳು. ಅದು ಸಮವಾಗಿ ತಿರುಗುತ್ತಿತ್ತು. ಹೆಡ್‌ಫೋನು ಹಾಕಿಕೊಂಡವರು ಮಾತನಾಡುವಂತೆ ಜೋರಾಗಿ, “ಮೋಟಾರ್ ಹಾಕಿದ್ರು, ಹೋಗಿ ಬಕೆಟ್ ಇಡೇ,” ಎಂದಳು.